ಉಳಿದ ಪೈಸೆ ಯಾರದು?

ಶ್ರಾವಕನಿಗೆ ವ್ಯಾಪಾರ ನಿಷಿದ್ಧವಲ್ಲ. ವ್ಯಾಪಾರದಲ್ಲಿನ ಅಸತ್ಯ ನಿಷಿದ್ಧ. ಹಿಂದೆ ಈ ಅಸತ್ಯವು ತಕ್ಕಡಿಯಲ್ಲಿ, ಸೇರು ಪಾವುಗಳಲ್ಲಿ, ಕಿರ್ದಿ ಪುಸ್ತಕದ ತಿದ್ದುಗಳಲ್ಲಿ ಕಣ್ಣಿಗೆ ಬೀಳುವಂತಿತ್ತು. ಇಂದು ಲೆಕ್ಕವೆಲ್ಲ ಗಣಕಯಂತ್ರದೊಳಗೆ ಸೇರಿಕೊಂಡಿದೆ. ಯಂತ್ರವು ಸುಳ್ಳು ಹೇಳದೆಂಬ ನಂಬಿಕೆ ಜನಮನದಲ್ಲಿ ಬೇರೂರಿದೆ. ಆದರೆ ಯಂತ್ರಕ್ಕೆ ಲೆಕ್ಕದ ಕ್ರಮವನ್ನು ಬರೆದುಕೊಡುವವನು ಮನುಷ್ಯನೇ ಆದುದರಿಂದ, ಸತ್ಯಾಸತ್ಯಗಳ ಹೊಣೆ ಯಂತ್ರದ್ದಲ್ಲ, ಮನುಷ್ಯನದೇ.

ಬೆಂಗಳೂರಿನಲ್ಲಿ ನೆಲೆಸಿರುವ ಪ್ರೋಗ್ರಾಮರ್ ಒಬ್ಬರಿಗೆ ಈ ವಿಚಾರವು ಬಹುಕಾಲದ ಸಂಗಾತಿ. ಠೇವಣಿ ಹಾಗೂ ಸಾಲಗಳ ಬಡ್ಡಿಯನ್ನು ಲೆಕ್ಕ ಹಾಕುವ ಪ್ರೋಗ್ರಾಂಗಳನ್ನು ಬರೆಯುವುದು ಅವರ ವೃತ್ತಿ. ಹೊಸದಾಗಿ ಕೆಲಸಕ್ಕೆ ಸೇರಿದ ತರುಣರಿಗೆ ಅವರು ಮೊದಲು ತೋರಿಸುವುದು ಒಂದು ಚಿಕ್ಕ ವಿಸ್ಮಯವನ್ನು. ರೂಪಾಯಿಯ ಲೆಕ್ಕದಲ್ಲಿ 0.1ಕ್ಕೆ 0.2ನ್ನು ಕೂಡಿಸೆಂದರೆ ಯಂತ್ರವು 0.3 ಎನ್ನದೆ 0.30000000000000004 ಎನ್ನುತ್ತದೆ. ನಮ್ಮ ದಶಮಾನ ಪದ್ಧತಿಯಲ್ಲಿ ಮೂರನೆಯ ಒಂದು ಭಾಗವು 0.333 ಎಂದು ಮುಗಿಯದೆ ಸಾಗುವಂತೆ, ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕೆಗಳಿಂದ ಎಣಿಸುವ ಯಂತ್ರದಲ್ಲಿ ಹತ್ತನೆಯ ಒಂದು ಭಾಗವು ಮುಗಿಯದೆ ಸಾಗುತ್ತದೆ. ಎಲ್ಲಿಯೋ ಒಂದು ಕಡೆ ಅದನ್ನು ಕತ್ತರಿಸಲೇಬೇಕು. ಆದಕಾರಣವೇ ಬಲ್ಲವರು ಹಣವನ್ನು ರೂಪಾಯಿಯ ದಶಾಂಶವಾಗಿ ಇಡದೆ, ಪೈಸೆಗಳ ಪೂರ್ಣಸಂಖ್ಯೆಯಾಗಿ ಇಡುತ್ತಾರೆ.

ಅಷ್ಟರಿಂದಲೇ ತೊಡಕು ತೀರುವುದಿಲ್ಲ. ಒಂದು ಸಾವಿರ ರೂಪಾಯಿ ಠೇವಣಿಗೆ ವರ್ಷಕ್ಕೆ ನೂರಕ್ಕೆ 7ರಂತೆ ಬಡ್ಡಿ ಎಪ್ಪತ್ತು ರೂಪಾಯಿ. ಒಂದು ದಿನದ ಬಡ್ಡಿ ಹತ್ತೊಂಬತ್ತು ಪೈಸೆ ಮತ್ತು ಪೈಸೆಯ ಒಂದು ಸಣ್ಣ ಅಂಶ. ದಿನದಿನವೂ ಆ ಅಂಶವನ್ನು ಕತ್ತರಿಸಿ ಹತ್ತೊಂಬತ್ತು ಪೈಸೆಯನ್ನಷ್ಟೇ ಬರೆದರೆ, ವರ್ಷಾಂತ್ಯಕ್ಕೆ ಠೇವಣಿದಾರನಿಗೆ ಸಲ್ಲುವುದು 69 ರೂಪಾಯಿ 35 ಪೈಸೆ. ಹೋದದ್ದು ಅರವತ್ತೈದು ಪೈಸೆ. ಯಾರೂ ಕೇಳಲು ಬರುವುದಿಲ್ಲ. ಅಂಥ ಒಂದು ಲಕ್ಷ ಖಾತೆಗಳಿದ್ದರೆ ಉಳಿಯುವುದು 65,000 ರೂಪಾಯಿ! ಅಂಶಗಳನ್ನು ಕೂಡಿಸಿಟ್ಟುಕೊಂಡು ಅವಧಿಯ ಕೊನೆಗೆ ಒಮ್ಮೆ ಮಾತ್ರ ಸರಿಹೊಂದಿಸಿದರೆ ಠೇವಣಿದಾರನ ಎಪ್ಪತ್ತು ರೂಪಾಯಿ ಅವನಿಗೇ ಸಲ್ಲುತ್ತದೆ. ಎರಡು ಕ್ರಮಗಳಿಗೂ ಪ್ರೋಗ್ರಾಂನಲ್ಲಿರುವ ವ್ಯತ್ಯಾಸ ಒಂದೆರಡು ಸಾಲುಗಳದ್ದು ಮಾತ್ರ.

ಇದು ಕೇವಲ ಕಲ್ಪನೆಯ ಭಯವಲ್ಲ. ಕೆನಡಾ ದೇಶದ ವ್ಯಾಂಕೂವರ್ ಷೇರು ವಿನಿಮಯ ಕೇಂದ್ರವು 1982ರಲ್ಲಿ 1000 ಅಂಶಗಳಿಂದ ಒಂದು ಸೂಚ್ಯಂಕವನ್ನು ಆರಂಭಿಸಿತು. ದಿನಕ್ಕೆ ಸಾವಿರಾರು ಬಾರಿ ಅದನ್ನು ಲೆಕ್ಕ ಹಾಕುವಾಗ ಮೂರು ದಶಮಾಂಶಗಳ ನಂತರದ್ದನ್ನು ಯಂತ್ರವು ಕತ್ತರಿಸಿಬಿಡುತ್ತಿತ್ತು. 1983ರ ನವೆಂಬರ್ ವೇಳೆಗೆ ಸೂಚ್ಯಂಕ 524ಕ್ಕೆ ಇಳಿದಿತ್ತು. ಸರಿಯಾಗಿ ಎಣಿಸಿದಾಗ ಅದು 1098 ಆಗಿತ್ತು. ಅಲ್ಲಿ ಕಳವಿನ ಉದ್ದೇಶ ಯಾರಿಗೂ ಇರಲಿಲ್ಲ. ಅಲ್ಪವೆಂಬ ಅನಾದರವೊಂದೇ ಸಾಕಾಯಿತು.

ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಲ್ಲಿ ನ್ಯಾಸಾಪಹಾರವೆಂಬುದನ್ನು ಎಣಿಸಿದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದರ ಅರ್ಥವನ್ನು ಬಿಡಿಸಿದ್ದಾರೆ. ಹೊನ್ನನ್ನು ಒತ್ತೆಯಿಟ್ಟವನು ತಾನಿಟ್ಟ ಸಂಖ್ಯೆಯನ್ನು ಮರೆತು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಕೊಟ್ಟು ಕಳುಹಿಸುತ್ತಾನೆ. ಇದನ್ನು ಅಚೌರ್ಯದ ಅತಿಚಾರಗಳಲ್ಲಿ ಸೇರಿಸದೆ ಸತ್ಯದ ಅತಿಚಾರಗಳಲ್ಲಿ ಸೇರಿಸಿರುವುದು ವಿಚಾರಣೀಯ. ಒಬ್ಬನ ಅಜ್ಞಾನಕ್ಕೆ ಇನ್ನೊಬ್ಬನು ಹೇಳುವ ‘ಹೌದು’ ಎಂಬ ಮಾತಿನಲ್ಲಿಯೇ ದೋಷವಿದೆ. ತನ್ನ ಖಾತೆಯ ಪೈಸೆಯ ಅಂಶವನ್ನು ಅರಿಯದ ಠೇವಣಿದಾರನಿಗೆ ಯಂತ್ರವು ಮುದ್ರಿಸಿಕೊಡುವ ಚೀಟಿಯೂ ಅಂಥದೇ ಒಂದು ‘ಹೌದು’ ಎಂದು ಆ ಪ್ರೋಗ್ರಾಮರ್ ಭಾವಿಸುತ್ತಾರೆ.

ಅಂಕೆ ಸರಿಯಾಗಿದ್ದೂ ಮಾತು ಮರೆಮಾಚಬಲ್ಲದೆಂಬುದು ಅವರಿಗೆ ಮನವರಿಕೆಯಾದದ್ದು ಸ್ವಂತ ಬಂಧುವರ್ಗದಲ್ಲಿ. ಅವರ ಸೋದರಮಾವನವರು ಅಂಗಡಿಯ ವಿಸ್ತರಣೆಗೆಂದು ಒಂದು ಹಣಕಾಸು ಸಂಸ್ಥೆಯಿಂದ 1,20,000 ರೂಪಾಯಿ ಸಾಲ ಪಡೆದಿದ್ದರು. ಕಂತು ತಿಂಗಳಿಗೆ 11,000 ರೂಪಾಯಿಯಂತೆ ಹನ್ನೆರಡು ತಿಂಗಳು.

“ಬಡ್ಡಿ ಎಷ್ಟು, ಮಾವ?” ಎಂದು ಇವರು ಕೇಳಿದರು.

“ನೂರಕ್ಕೆ ಹತ್ತು ಕಣಪ್ಪ. ಬರೆದೇ ಕೊಟ್ಟಿದ್ದಾರೆ, ನೋಡು.”

ಇವರು ಕಾಗದದ ಮೇಲೆ ಲೆಕ್ಕ ಹಾಕಿದರು. ಪ್ರತಿ ತಿಂಗಳೂ ಅಸಲು ಹತ್ತು ಸಾವಿರದಷ್ಟು ತೀರುತ್ತಿದೆ. ಆದರೆ ಬಡ್ಡಿ ಮಾತ್ರ ಕೊನೆಯ ಕಂತಿನವರೆಗೂ ಪೂರ್ಣ 1,20,000 ರೂಪಾಯಿಗೇ ಬೀಳುತ್ತಿದೆ. ವರ್ಷದಲ್ಲಿ ಮಾವನವರ ಕೈಯಲ್ಲಿ ಸರಾಸರಿ ಇದ್ದ ಹಣ 65,000 ರೂಪಾಯಿ. ತೆತ್ತ ಬಡ್ಡಿ 12,000 ರೂಪಾಯಿ. ಇಳಿಯುತ್ತ ಹೋಗುವ ಬಾಕಿಯ ಮೇಲೆ ಎಣಿಸಿದರೆ ನಿಜವಾದ ದರ ನೂರಕ್ಕೆ ಸುಮಾರು 18. ಕರಾರುಪತ್ರದಲ್ಲಿ ಒಂದು ಅಂಕೆಯೂ ಸುಳ್ಳಾಗಿರಲಿಲ್ಲ. ‘ಫ್ಲಾಟ್’ ಎಂಬ ಒಂದು ಇಂಗ್ಲಿಷ್ ಪದವಿತ್ತು, ಅಷ್ಟೇ. ಮಾವನವರು ಇಂಗ್ಲಿಷ್ ಬಲ್ಲವರಲ್ಲ; ತಿಳಿಯದ ಪುಟಗಳಿಗೆಲ್ಲ ಸಹಿ ಹಾಕಿದ್ದರು.

ಪ್ರೋಗ್ರಾಂನಲ್ಲಿ ಒಂದು ಹೆಸರು ಒಂದು ಕಡೆ ಒಂದನ್ನೂ ಇನ್ನೊಂದು ಕಡೆ ಮತ್ತೊಂದನ್ನೂ ಸೂಚಿಸಿದರೆ ಲೆಕ್ಕವೇ ಕೆಡುತ್ತದೆ. ವ್ಯವಹಾರದಲ್ಲಿ ‘ಬಡ್ಡಿ’ಯೆಂಬ ಒಂದೇ ಹೆಸರಿಗೆ ಎರಡು ಅರ್ಥಗಳಿದ್ದರೂ ಏನೂ ಕೆಡುವುದಿಲ್ಲ, ಅರಿಯದವನ ಸಂಸಾರವೊಂದು ಕೆಡುತ್ತದೆ. ಹೀಗಾಗಿ ಲೆಕ್ಕದ ಶುದ್ಧಿಗೆ ಭಾಷೆಯ ಶುದ್ಧಿಯೂ ಅವಶ್ಯವೆಂಬುದು ಅವರ ನಿಶ್ಚಯ.

ಈ ವಿಚಾರದಲ್ಲಿ ಕನ್ನಡ ನಾಡಿಗೆ ಉಜ್ವಲ ಪರಂಪರೆಯಿದೆ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿ, ಅದರ ಮಿಶ್ರಕ ವ್ಯವಹಾರದಲ್ಲಿ ಅಸಲು, ಬಡ್ಡಿ, ಕಾಲಗಳ ಲೆಕ್ಕವನ್ನು ವಿವರಿಸಿದರು. ಹನ್ನೆರಡನೆಯ ಶತಮಾನದ ಜೈನಕವಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದನು. ಪಂಡಿತರ ಭಾಷೆಯಲ್ಲಿದ್ದ ವಿದ್ಯೆಯು ಹೀಗೆ ಸಂತೆಯ ಭಾಷೆಗೆ ಬಂದಿತು. ಕೊಡುವವನಿಗೂ ಕೊಳ್ಳುವವನಿಗೂ ಒಂದೇ ಲೆಕ್ಕ ತಿಳಿದಿದ್ದರೆ ಮೋಸಕ್ಕೆ ಎಡೆಯೆಲ್ಲಿ?

ಯಂತ್ರಕ್ಕೆ ಕನ್ನಡ ಬಾರದೆಂಬ ನೆಪವೂ ಈಗ ಉಳಿದಿಲ್ಲ. ಹಿಂದೆ ಒಂದು ಕಂಪ್ಯೂಟರ್‌ನಲ್ಲಿ ಬರೆದ ಕನ್ನಡವು ಅದೇ ಅಕ್ಷರಶೈಲಿ ಇಲ್ಲದ ಇನ್ನೊಂದರಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿತ್ತು. 1991ರಲ್ಲಿ ಪ್ರಕಟವಾದ ಯೂನಿಕೋಡ್ ವ್ಯವಸ್ಥೆಯು ಕನ್ನಡದ ಪ್ರತಿ ಅಕ್ಷರಕ್ಕೂ ಸ್ಥಿರವಾದ ಸಂಖ್ಯೆಯನ್ನು ಕೊಟ್ಟಿತು. ಅದು ಎಲ್ಲೆಡೆ ರೂಢಿಗೆ ಬಂದ ಮೇಲೆ ಮೊಬೈಲಿನಲ್ಲಿಯೂ ಕನ್ನಡ ಸಲೀಸಾಗಿದೆ. ಭಾರತೀಯ ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಆದೇಶದಂತೆ, ಅದೇ ವರ್ಷದ ಅಕ್ಟೋಬರ್ 1ರಿಂದ ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಕೊಡುವ ಹೊಸ ಅವಧಿ ಸಾಲಗಳಿಗೆ ಮುಖ್ಯ ಸಂಗತಿಗಳ ಪತ್ರವೊಂದನ್ನು ಕೊಡಬೇಕು. ಎಲ್ಲ ವೆಚ್ಚಗಳನ್ನೂ ಸೇರಿಸಿದ ವಾರ್ಷಿಕ ದರವು ಅದರಲ್ಲಿರಬೇಕು. ಪತ್ರವು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಕಾನೂನು ಬಾಗಿಲನ್ನು ತೆರೆದಿದೆ. ಕನ್ನಡದಲ್ಲಿ ಕೊಡಿ ಎಂದು ಕೇಳುವ ಧೈರ್ಯವನ್ನು ಸಾಲ ಪಡೆಯುವವನೇ ತಂದುಕೊಳ್ಳಬೇಕು.

ಆ ಪ್ರೋಗ್ರಾಮರ್ ತಮ್ಮ ಮನೆಯಲ್ಲಿಯೂ ಒಂದು ನಿಯಮವನ್ನು ಪಾಲಿಸುತ್ತಾರೆ. ಯಾವ ಸಾಲಕ್ಕೂ ಸಹಿ ಹಾಕುವ ಮುನ್ನ, ಒಟ್ಟು ಎಷ್ಟು ಹಿಂದಿರುಗಿಸಬೇಕೆಂಬುದನ್ನು ಕನ್ನಡದ ಒಂದು ವಾಕ್ಯದಲ್ಲಿ ಬರೆದು ಮನೆಯ ಹಿರಿಯರ ಮುಂದೆ ಓದುತ್ತಾರೆ. ಕೇಳಿದವರಿಗೆ ಅರ್ಥವಾಗದಿದ್ದರೆ ಆ ಸಾಲ ಬೇಡ. ಕೊಳ್ಳಬೇಕೆಂದಿದ್ದ ಎಷ್ಟೋ ವಸ್ತುಗಳು ಆ ಒಂದು ವಾಕ್ಯದ ಮುಂದೆ ಅನಾವಶ್ಯಕವಾಗಿ ಕಂಡಿವೆ. ಪರಿಗ್ರಹಕ್ಕೆ ಪರಿಮಾಣವು ಹೀಗೆ ತಾನಾಗಿಯೇ ಒದಗಿದೆ.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲೊಂದು ಹಿತವಚನವಿದೆ. ಅಜ್ಜನ ಹೆಸರಿನಲ್ಲಿ ಶಾಶ್ವತ ಪೂಜೆಗೆಂದು ನಿಧಿಯಿಟ್ಟ ಮನೆತನಗಳ ಮೊಮ್ಮಕ್ಕಳಿಗೆ ಆ ಮೊತ್ತದ ನೆನಪಿರುವುದು ಅಪರೂಪ. ಒತ್ತೆಯಿಟ್ಟು ಸಂಖ್ಯೆಯನ್ನು ಮರೆತವರು ಅವರೇ. ಅವರು ಕೇಳಲೆಂದು ಕಾಯದೆ, ವರ್ಷಕ್ಕೊಮ್ಮೆ ಅಸಲೆಷ್ಟು, ಬಂದ ಬಡ್ಡಿಯೆಷ್ಟು, ಪೂಜೆಗೆ ಸಂದದ್ದೆಷ್ಟು, ಉಳಿದದ್ದೆಷ್ಟು ಎಂಬುದನ್ನು ತಿಳಿಗನ್ನಡದಲ್ಲಿ ಬರೆದು ತಿಳಿಸುವುದು ಉಪಕಾರವಲ್ಲ, ವ್ರತಪಾಲನೆ. ಉಳಿದ ಪೈಸೆ ಅಲ್ಪವಾಗಿರಬಹುದು. ಅದು ಯಾರದೆಂದು ಮರೆತವನಿಗೆ ನೆನಪಿಸುವುದು ಅಲ್ಪವಲ್ಲ.