ಮಗನ ಹಳೇ ಬೇಸ್ ಗಿಟಾರ್

ಅಮೇರಿಕಾದಾಗ ಮಗನ ಮನ್ಯಾಗಿದ್ದಾಗ ಒಂದು ಹೊಸಾ ವಿದ್ಯಾ ಕಲತೆ ನೋಡ್ರಿ. ಅವ ಎರಡು ವರ್ಷ ರೊಕ್ಕಾ ಕೂಡಿಸಿ, ನಾಕು ದಪ್ಪ ತಂತೀದು ಹಳೇ ಫೆಂಡರ್ ಪ್ರಿಸಿಷನ್ ಬೇಸ್ ಗಿಟಾರ್ ತಗೊಳ್ಳಾಂವ ಇದ್ದ. ಮಾರಾಂವ, “1966ರದು, ಎಲ್ಲಾ ಒರಿಜಿನಲ್” ಅಂದ.

ಹಿಂದಿನ ಲೋಹದ ಪಟ್ಟಿ ಮ್ಯಾಲೆ ದೊಡ್ಡ ‘ಎಫ್’, ಕೆಳಗ ನಂಬರ್. “ಆತಲ್ಲೋ, ತಗೋ” ಅಂದೆ. “ಅವ್ವಾ, ಇಂಥಾ ಪಟ್ಟಿ 1965ರಿಂದ 1976ರ ತನಕಾ ಹಾಕ್ಯಾರ. ನಾಕು ಸ್ಕ್ರೂ ಬಿಚ್ಚಿದ್ರ ಬ್ಯಾರೇ ಗಿಟಾರಿಗೂ ಕೂಡತದ” ಅಂದ.

ಮಾರಾಂವನ್ನ ಕೇಳಿ, ತಂತಿ ಸಡ್ಲ ಮಾಡಿ, ಕುತಗಿ ಬಿಚ್ಚಿದ. ಅದರ ಬುಡಕ್ಕ ಶಿಕ್ಕಾ: ಡಿಸೆಂಬರ್ 66. ಅಜ್ಜಿ ತನ್ನ ತಾಮ್ರದ ಹಂಡೇಕ್ಕ ಹೆಸರು, ಇಸವಿ ಕೆತ್ತಿಸಿದ್ದು ನೆನಪಾತು.

ಮಗ ಅಲ್ಲಿಗೇ ಬಿಡಲಿಲ್ಲ. ದನಿ ಹೆಚ್ಚು-ಕಮ್ಮಿ ಮಾಡೋ ಗುಂಡಿ ಕೆಳಗಿನ ಪಾಟ್ ತಗದು ತೋರಿಸಿದ. ಬೆನ್ನ ಮ್ಯಾಲೆ 1377312. 137 ಅಂದ್ರ ಸಿಟಿಎಸ್ ಕಂಪನಿ, 73 ಅಂದ್ರ 1973, 12 ಅಂದ್ರ ಹನ್ನೆರಡನೇ ವಾರ. ಪಾಟ್ ಆಮ್ಯಾಲೆ ಬದಲಿ ಮಾಡಿರಬೇಕು, ಇಲ್ಲಾ ಹಳೇ ಕುತಗಿ ಬ್ಯಾರೇ ಮೈಗೆ ಕೂಡಿಸಿರಬೇಕು. ಹೆಂಗಿದ್ರೂ ‘ಎಲ್ಲಾ ಒರಿಜಿನಲ್’ ಅಲ್ಲ.

ಮಾರಾಂವ ಬೆಲಿ ಇಳಸಲಿಲ್ಲ, ಮಗ ತಗೊಳ್ಳಲಿಲ್ಲ. ದಾರಿ ತುಂಬಾ ಮಾತಿಲ್ಲ. ನನಗ ಹೊಟ್ಟ್ಯಾಗ ಚುರ್ ಅಂತು. ಆದ್ರ ಎರಡು ವರ್ಷದ ದುಡಿಮಿ ಉಳೀತು.

ಅಕ್ಕಾರ, ವೈನಿ, ಹಳೇ ಸಾಮಾನು ತಗೊಳ್ಳೋ ಮುಂದ “ಬಿಚ್ಚಿ ತೋರಸ್ರಿ” ಅನ್ಲಿಕ್ಕೆ ನಾಚಬ್ಯಾಡ್ರಿ.