ಒಂಬತ್ತನೇ ತಿರುವು

ಗಾಡಿ ಆಫ್ ಆಯಿತು. ಆಗುಂಬೆ ಘಾಟಿಯ ಒಂಬತ್ತನೇ ತಿರುವು, ಸಂಜೆ ಆರೂಕಾಲು, ಕೊಡದಲ್ಲಿ ಸುರಿದ ಹಾಗೆ ಮಳೆ. ಮುಂದೆ ಮಂಜು, ಏನೂ ಕಾಣದು. ಹಿಂದಿನದು ಮಾತ್ರ ಬಲು ಚೆನ್ನಾಗಿ ಕಾಣುತ್ತಿತ್ತು: ಕನ್ನಡಿ ತುಂಬ ಮಿನಿ ಬಸ್ಸಿನ ಎರಡು ದೀಪ. ದೀಪಗಳು ದೊಡ್ಡವಾಗುತ್ತಾ ಬಂದವು. ಬಸ್ಸು ನಿಂತಲ್ಲೇ ನಿಂತಿತ್ತು. ಜಾರುತ್ತಿದ್ದವಳು ನಾನು.

"ಬ್ರೇಕ್! ಬ್ರೇಕ್ ಒತ್ತೇ ಮಾರಾಯ್ತಿ!"

ಬಲಗಾಲು ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ. ಎಡಗಾಲು ಕ್ಲಚ್ಚನ್ನು ತಳಕ್ಕೆ ತುಳಿದು ಕೂತಿತ್ತು. ಇಳಿಜಾರಲ್ಲಿ ಬರೀ ಕ್ಲಚ್ ತುಳಿದರೆ ಏನಾಗುತ್ತದೋ ಅದೇ ಆಗುತ್ತಿತ್ತು: ಹಿಡಿತ ತಪ್ಪಿದ ಗಾಡಿ ಹಿಂದಕ್ಕೆ ಹೊರಟಿತ್ತು.

ಲೈಸೆನ್ಸಿನವರು ಪಕ್ಕದಲ್ಲೇ ಇದ್ದರು, ನನ್ನ ಯಜಮಾನರು. ಹೆಬ್ರಿಯ ನೆಂಟರ ಮನೆ ಅಂಗಳದ ಪಾಚಿಯಲ್ಲಿ ಮಧ್ಯಾಹ್ನ ಜಾರಿ ಬಿದ್ದು ಬಲಗಾಲಿನ ಹಿಮ್ಮಡಿಗಂಟು ಕುಂಬಳಕಾಯಿಯ ಹಾಗೆ ಊದಿಸಿಕೊಂಡಿದ್ದರು. ರಾತ್ರಿ ಉಳಿಯಬಹುದಿತ್ತು. ಆದರೆ ತೀರ್ಥಹಳ್ಳಿಯ ಆಚೆ ನಮ್ಮ ಕೊಟ್ಟಿಗೆಯಲ್ಲಿ ದಿನ ತುಂಬಿದ ಹಸು, ಮನೆಯಲ್ಲಿ ಅತ್ತೆಯೊಬ್ಬರೇ. ನನ್ನ ಕೈಯಲ್ಲಿದ್ದದ್ದು ನಲವತ್ತು ದಿನದ ಎಲ್ಎಲ್ಲು.

ಹೆದರಿಕೆ ಅವತ್ತು ಹುಟ್ಟಿದ್ದಲ್ಲ. ಕ್ಲಾಸಿನ ಮೊದಲ ದಿನವೇ ಸ್ಟೇರಿಂಗ್ ಮುಟ್ಟಿದರೆ ಅಂಗೈ ಒದ್ದೆ, ಹಿಂದೆ ಯಾರಾದರೂ ಹಾರ್ನ್ ಹೊಡೆದರೆ ಕಿವಿಯೊಳಗೆ ಗುಂಯ್. ಡ್ರೈವಿಂಗ್ ಸ್ಕೂಲಿನ ಗಾಡಿಯಲ್ಲಿ ಮೇಷ್ಟ್ರ ಕಾಲ ಕೆಳಗೂ ಬ್ರೇಕು, ಕ್ಲಚ್ಚು ಇರುತ್ತವೆ. ಅಷ್ಟು ದಿನ ನಾನು ಓಡಿಸಿದ್ದು ಹೆಚ್ಚುಪಾಲು ಅವರ ಕಾಲಿನ ಧೈರ್ಯದಲ್ಲಿ. ನಮ್ಮ ಹಳೇ ಆಲ್ಟೊದಲ್ಲಿ ಆ ಕಡೆ ಇದ್ದದ್ದು ಊದಿದ ಕಾಲು, ಅದರ ಕೆಳಗೆ ಖಾಲಿ ಮ್ಯಾಟು.

ಸೋಮೇಶ್ವರದ ಚೆಕ್‌ಪೋಸ್ಟ್ ದಾಟಿದ ಮೇಲೆ ಘಾಟಿ ಶುರು. ಹದಿನಾಲ್ಕು ಹೇರ್‌ಪಿನ್ ತಿರುವು. ಮೇಲಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ. ಅದರ ಅರ್ಧ ಅವತ್ತೇ ಬೀಳುತ್ತಿರುವ ಹಾಗಿತ್ತು. ಬಲಕ್ಕೆ ಹೊರಳುವ ತಿರುವುಗಳು ಪರವಾಗಿಲ್ಲ, ಹತ್ತುವವರಿಗೆ ಹೊರಗಿನ ಅಗಲ ಸಿಗುತ್ತದೆ. ಎಡದವೇ ಯಮ. ಒಳಮೈಗೆ ಒತ್ತಿಕೊಂಡು ಹೋಗಬೇಕು, ರಸ್ತೆ ಅಲ್ಲೇ ಗೋಡೆಯ ಹಾಗೆ ಎದ್ದು ನಿಂತಿರುತ್ತದೆ. ಒಂಬತ್ತನೆಯದು ಎಡದ್ದು. ಸೆಕೆಂಡ್ ಗೇರಿನಲ್ಲೇ ಹೊಡೆದುಬಿಡೋಣ ಅಂದುಕೊಂಡೆ. ದುರಾಸೆ. ಇಂಜಿನ್ ಎರಡು ಸಲ ಕೆಮ್ಮಿ ಸತ್ತಿತು.

ಬಲಗಾಲು ಕೊನೆಗೂ ಬ್ರೇಕನ್ನು ಹುಡುಕಿಕೊಂಡಿತು. ಗಾಡಿ ನಿಂತಿತು. ಬಸ್ಸಿಗೂ ನಮಗೂ ನಡುವೆ ಒಂದು ಎಮ್ಮೆ ನಿಲ್ಲುವಷ್ಟು ಜಾಗ. ಬಸ್ಸಿನವನು ಹಾರ್ನ್ ಹೊಡೆಯಲಿಲ್ಲ. ಆ ಪುಣ್ಯಾತ್ಮನಿಗೆ ಇವತ್ತಿಗೂ ಮನಸ್ಸಲ್ಲೇ ಕೈಮುಗಿಯುತ್ತೇನೆ.

"ಹ್ಯಾಂಡ್ ಬ್ರೇಕ್ ಎಳಿ" ಅಂದರು ಇವರು. ಎಳೆದೆ.

"ರೀ, ನನ್ನ ಕೈಲಿ ಆಗಲ್ಲ."

"ಬೇಡ. ಸುಮ್ಮನೆ ಕೂತ್ಕೋ. ಉಸಿರು ಬಿಡು."

ಆಗಲೇ ತಿಳಿದದ್ದು, ಸೋಮೇಶ್ವರದಿಂದ ನಾನು ಉಸಿರು ಎಳೆದುಕೊಂಡದ್ದೇ ಹೆಚ್ಚು, ಬಿಟ್ಟದ್ದು ಕಡಿಮೆ. ಉದ್ದಕ್ಕೆ ಬಿಟ್ಟೆ, ಮೂರು ಸಲ. ಮಂಡಿಯ ನಡುಕ ನಿಲ್ಲಲಿಲ್ಲ, ಆದರೆ ವೈಪರ್ ಸದ್ದು ಮತ್ತೆ ಕೇಳಿಸಿತು. ಮೇಷ್ಟ್ರು ಹೇಳಿದ್ದು ನೆನಪಾಯಿತು: "ಏರಿನಲ್ಲಿ ಕಣ್ಣಿಗಿಂತ ಕಿವಿ ನಂಬಿ ಮೇಡಂ."

ಕೀ ತಿರುಗಿಸಿ ಇಂಜಿನ್ ಎಬ್ಬಿಸಿದೆ. ಫಸ್ಟ್ ಗೇರ್. ಕ್ಲಚ್ಚನ್ನು ಕೂದಲೆಳೆಯಷ್ಟೇ ಮೇಲೆ ಬಿಟ್ಟೆ. ಇನ್ನೊಂದೆಳೆ. ಇಂಜಿನ್ನಿನ ದನಿ ಇದ್ದಕ್ಕಿದ್ದಂತೆ ದಪ್ಪವಾಯಿತು, ಬಾನೆಟ್ ಸ್ವಲ್ಪ ಮೂಗೆತ್ತಿತು. ಇದೇ ಹಾಫ್ ಕ್ಲಚ್! ಕಾಲನ್ನು ಅಲ್ಲೇ ಹಿಡಿದೆ. ಆಕ್ಸಿಲರೇಟರ್ ಒತ್ತಿದೆ, ಹ್ಯಾಂಡ್ ಬ್ರೇಕ್ ಇಳಿಸಿದೆ. ಅರೆಗಳಿಗೆ ಗಾಡಿ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಆಮೇಲೆ ಗುರ್ರೆಂದು ಹೊರಳಿತು.

1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬಾಕೆ ಗಂಡನಿಗೆ ಹೇಳದೆ ಅವನ ಮೋಟಾರು ಗಾಡಿ ಹತ್ತಿ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೋದಳಂತೆ. ದಿಬ್ಬ ಬಂದಾಗ ನೂಕಲು ಜೊತೆಗೆ ಇಬ್ಬರು ಗಂಡುಮಕ್ಕಳಿದ್ದರು. ನನ್ನ ಜೊತೆ ಇದ್ದದ್ದು ಕಾಲು ಉಳುಕಿದ ಗಂಡ.

ಹತ್ತು, ಹನ್ನೊಂದು ಹೇಗೋ ಕಳೆದವು. ಹನ್ನೆರಡರಲ್ಲಿ ಮಂಜಿನೊಳಗಿಂದ ಜೀಪೊಂದು ನಡುರಸ್ತೆಯಲ್ಲೇ ಇಳಿದು ಬಂತು. ಘಾಟಿಯಲ್ಲಿ ಹತ್ತುವವರಿಗೆ ದಾರಿ ಮೊದಲು ಎಂಬುದು ಕಾನೂನು. ಎಲ್ಎಲ್ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಲೈಟ್ ಮಿನುಗಿಸಿ ಹಾರ್ನ್ ಹೊಡೆದೆ. ಜೀಪು ನಿಂತಿತು! ಕೆಂಪು ‘ಎಲ್’ ಅಂಟಿಸಿದ ಗಾಡಿಗೆ ಜೀಪು ನಿಂತು ದಾರಿ ಬಿಟ್ಟಿತು. ಹದಿಮೂರನೆಯದರಲ್ಲಿ ಗಾಡಿ ಮತ್ತೆ ಆಫ್ ಆಯಿತು. ಈ ಸಲ ಇವರು ಬಾಯಿ ತೆರೆಯುವುದರೊಳಗೆ ಹ್ಯಾಂಡ್ ಬ್ರೇಕ್ ಎಳೆದಿದ್ದೆ.

ಆಗುಂಬೆ ಪೇಟೆಯಲ್ಲಿ ಗಾಡಿ ನಿಲ್ಲಿಸಿದಾಗ ಬೆರಳುಗಳು ಸ್ಟೇರಿಂಗ್ ಬಿಡಲೊಪ್ಪಲಿಲ್ಲ. ಇವರೇ ಒಂದೊಂದಾಗಿ ಬಿಡಿಸಿದರು. ಬಿಸಿ ಕಾಫಿ ಕುಡಿದು ಮತ್ತೆ ನಾನೇ ಹೊರಡಿಸಿದೆ.

ಹಸು ರಾತ್ರಿ ಒಂದು ಗಂಟೆಗೆ ಕರು ಹಾಕಿತು. ಹೆಣ್ಣು.