ರಾಕೇಶ, ನಮ್ಮ ಚಿಕ್ಕಮ್ಮ ಮತ್ತು ಒಂದು ಎಕ್ಸೆಲ್ ಶೀಟು

ನಮ್ಮ ಊರಿನ ಕಡೆ ‘ಎಂತ ಸಾವು ಮಾರಾಯ’ ಅನ್ನುವುದಕ್ಕೂ ಸಾವಿಗೂ ಏನೂ ಸಂಬಂಧವಿಲ್ಲ. ಬಸ್ಸು ತಪ್ಪಿದರೂ ಅದೇ, ಬಂಗುಡೆ ರೇಟು ಏರಿದರೂ ಅದೇ, ಆಫೀಸಿನಲ್ಲಿ ಸರ್ವರ್ ಕೈಕೊಟ್ಟರೂ ಅದೇ. 2025ರ ಮೇ 12, ಸೋಮವಾರ ಬೆಳಿಗ್ಗೆ ಬೆಂಗಳೂರಿನ ರೂಮಿನಲ್ಲಿ ಕಣ್ಣುಜ್ಜಿಕೊಂಡು ಫೋನು ನೋಡಿದಾಗ ನನ್ನ ಬಾಯಿಂದ ಬಂದದ್ದೂ ಇದೇ ಮಾತು. ಕಾಪುವಿನ ಗೆಳೆಯರ ಗ್ರೂಪಿನಲ್ಲಿ ರಾತ್ರಿಯಿಡೀ ಮೆಸೇಜು, ಎಲ್ಲದರಲ್ಲೂ ರಾಕೇಶ್ ಪೂಜಾರಿಯ ನಗುವ ಫೋಟೋ. ಮಾತು ಆಡಿಯಾದ ಮೇಲೆ ಅದರ ಅರ್ಥ ನನ್ನ ಕಿವಿಗೆ ಬಿತ್ತು.

ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಗೆಳೆಯರ ಮನೆಯ ಮೆಹಂದಿ. ಅಲ್ಲಿ ನಡುರಾತ್ರಿ ದಾಟಿದ ಮೇಲೆ ಕುಸಿದು ಬಿದ್ದವನು ಮತ್ತೆ ಏಳಲಿಲ್ಲ. ಹೃದಯಾಘಾತ ಅಂದರು. ವಯಸ್ಸು ಮೂವತ್ತಮೂರೋ ಮೂವತ್ತನಾಲ್ಕೋ, ಒಂದೊಂದು ಪೇಪರಿನಲ್ಲಿ ಒಂದೊಂದು ಬರೆದಿತ್ತು. ಸ್ವಲ್ಪ ಹೊತ್ತಿನ ಹಿಂದೆ ಅದೇ ಮನೆಯಲ್ಲಿ ಗೆಳೆಯರ ಜೊತೆ ಹಲ್ಲು ಬಿಟ್ಟುಕೊಂಡು ನಿಂತ ಫೋಟೋಗಳೂ ಬಂದವು. (ಏಕವಚನದಲ್ಲಿ ಬರೆಯುತ್ತಿದ್ದೇನೆ, ಕ್ಷಮಿಸಿ. ಟಿವಿಯಲ್ಲಿ ನೋಡಿದ ದಿನದಿಂದ ನಮ್ಮ ಮನೆಯಲ್ಲಿ ಅವನು ‘ನಮ್ಮ ಹುಡುಗ’. ಈಗ ‘ಅವರು’ ಅಂದರೆ ಯಾರದೋ ಬಗ್ಗೆ ಬರೆದ ಹಾಗಿರುತ್ತದೆ.)

ಘಟ್ಟದ ಮೇಲಿನವರಿಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ಮೆಹಂದಿ ಅಂದರೆ ಹೆಣ್ಮಕ್ಕಳು ಕೈಗೆ ಬಣ್ಣ ಹಚ್ಚಿಕೊಳ್ಳುವ ಕಾರ್ಯಕ್ರಮ ಮಾತ್ರ ಅಲ್ಲ. ಮದುವೆಯ ಹಿಂದಿನ ರಾತ್ರಿ ಅಂಗಳಕ್ಕೆ ಶಾಮಿಯಾನ, ಕೋಳಿ ಸುಕ್ಕ, ಡಿಜೆ, ಒಬ್ಬ ಮೈಕ್ ಹಿಡಿದು ನಗಿಸುವವ. ಮದುವೆಗೆ ಬಾರದವರೂ ಮೆಹಂದಿಗೆ ಬರುತ್ತಾರೆ. ನಗಿಸುವವನಿಗಂತೂ ಅದು ಸ್ವಂತ ಜಾಗ. ನಿಟ್ಟೆ ನನಗೂ ಹೊಸತಲ್ಲ. ಅಲ್ಲೇ ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದವ ನಾನು, ಶಿರ್ವ, ಬೆಳ್ಮಣ್ ಮೇಲೆ ಹೋಗುವ ಆ ರಸ್ತೆಯ ತಿರುವುಗಳೆಲ್ಲ ಈಗಲೂ ಕಣ್ಣಿಗೆ ಕಟ್ಟುತ್ತವೆ.

ಅಲ್ಲಿ ಓದುವಾಗ, 2017ರಲ್ಲಿ, ಚಿಕ್ಕಮ್ಮನ ಫೋನು ಬಂತು. “ಮಗಾ, ನೀನಾದರೂ ಇವನಿಗೆ ಒಂದು ಮಾತು ಹೇಳು. ಕೆಲಸ ಬಿಟ್ಟು ನಾಟಕಕ್ಕೆ ಹೋಗ್ತೇನೆ ಅಂತಿದ್ದಾನೆ.” (ಮನೆಮಾತು ತುಳು, ಕನ್ನಡ ಮಾಡಿದ್ದು ನಾನು.) ಚಿಕ್ಕಮ್ಮನ ಮಗ ನನಗಿಂತ ಸಣ್ಣವ. ಡಿಪ್ಲೊಮಾ ಮುಗಿಸಿ ಕಂಪೆನಿಯೊಂದಕ್ಕೆ ಸೇರಿ ಆರು ತಿಂಗಳಾಗಿತ್ತು. ಇಂಜಿನಿಯರಿಂಗ್ ಓದುವ ಅಣ್ಣನ ಮಾತಿಗೆ ಆಗ ಮನೆಯಲ್ಲಿ ಬಾರೀ ತೂಕ! ನಾನೂ ಉಬ್ಬಿ ಹೋಗಿ ಒಂದು ಎಕ್ಸೆಲ್ ಶೀಟು ಮಾಡಿದೆ. ದೀಪಾವಳಿಯಿಂದ ಪತ್ತನಾಜೆಯವರೆಗೆ ಸೀಸನ್ನು. ಜಾತ್ರೆ, ಭಜನಾ ಮಂದಿರದ ವಾರ್ಷಿಕೋತ್ಸವ, ಯುವಕ ಮಂಡಲ, ಎಲ್ಲ ಸೇರಿ ಇಷ್ಟು ರಾತ್ರಿ. ಸಣ್ಣ ಪಾತ್ರದವನಿಗೆ ಒಂದು ರಾತ್ರಿಗೆ ಇಷ್ಟು. ಮಳೆಗಾಲದ ನಾಲ್ಕೂ ಚಿಲ್ಲರೆ ತಿಂಗಳು ಸೊನ್ನೆ. ಕೆಳಗೆ ಒಟ್ಟು ಮೊತ್ತ, ಅದಕ್ಕೆ ಕೆಂಪು ಬಣ್ಣ. ಕಳಿಸಿದೆ.

ಅವನ ಉತ್ತರ ಒಂದು ವಿಡಿಯೋ. ರಾಕೇಶನದು. “ಇವನ ಶೀಟು ಯಾರು ಮಾಡಿದ್ದಾರೆ ಅಣ್ಣಾ?” ಅಷ್ಟೇ.

ನಾನು ರಾಕೇಶನನ್ನು ಸರಿಯಾಗಿ ನೋಡಿದ್ದು ಹಾಗೆ. ಉಡುಪಿಯ ಹೂಡೆಯವ. ‘ಚೈತನ್ಯ ಕಲಾವಿದರು ಬೈಲೂರು’ ತಂಡದ ನಾಟಕಗಳಿಂದ ಬಂದವ. 2014ರಲ್ಲಿ ‘ಕಡ್ಲೆ ಬಜಿಲ್’ ಎಂಬ ತುಳು ರಿಯಾಲಿಟಿ ಶೋದಲ್ಲಿ ಜನರ ಕಣ್ಣಿಗೆ ಬಿದ್ದ. (ಕಡ್ಲೆ ಬಜಿಲ್ ಅಂದರೆ ನಮ್ಮ ಹೋಟೆಲುಗಳ ಕಡಲೆ-ಅವಲಕ್ಕಿ. ಹಾಸ್ಯದ ಕಾರ್ಯಕ್ರಮಕ್ಕೆ ತಿಂಡಿಯ ಹೆಸರಿಡುವ ಬುದ್ಧಿ ನಮ್ಮವರಿಗೇ ಬರಬೇಕು.) ಸುಮಾರು 150 ಆಡಿಷನ್‌ಗಳಲ್ಲಿ ಅವನನ್ನು ಬೇಡ ಅಂದಿದ್ದರು ಎಂದು ಮೊನ್ನೆ ಪತ್ರಿಕೆಗಳಲ್ಲಿ ಓದಿದೆ. ನನಗೆ ಹನ್ನೊಂದು ಕಂಪೆನಿಗಳ ಇಂಟರ್‌ವ್ಯೂನಲ್ಲಿ ಬೇಡ ಅಂದಾಗ ಎರಡು ದಿನ ಊಟ ಬಿಟ್ಟವ ನಾನು.

ತುಳು ನಾಟಕದ ಹಾಸ್ಯ ಗೊತ್ತಿದ್ದವರಿಗೆ ಅವನ ಶಾಲೆ ಯಾವುದೆಂದು ಗೊತ್ತಾಗುತ್ತದೆ. ನವೀನ್ ಡಿ. ಪಡೀಲ್, ಭೋಜರಾಜ ವಾಮಂಜೂರು, ಅರವಿಂದ ಬೋಳಾರ್ ಎಲ್ಲ ಅಲ್ಲಿಯವರೇ. 2011ರಲ್ಲಿ ತುಳು ಚಿತ್ರರಂಗಕ್ಕೆ ಮತ್ತೆ ಜೀವ ಕೊಟ್ಟ ‘ಒರಿಯರ್ದೊರಿ ಅಸಲ್’ ಕೂಡ ಮೊದಲು ನಾಟಕವೇ. ಆ ರಂಗದಲ್ಲಿ ಮಾತಿನ ಮೇಲೆ ಎಲ್ಲ ನಿಂತಿದೆ. ಮೇಲಿನಿಂದ ನೇತು ಹಾಕಿದ ಮೈಕು, ಎದುರಿಗೆ ಎರಡು ಸಾವಿರ ಪ್ಲಾಸ್ಟಿಕ್ ಕುರ್ಚಿ, ಹಿಂದೆ ಚರುಮುರಿ ಗಾಡಿಯ ಟಕಟಕ. ಜನ ನಗದಿದ್ದರೆ ಆ ಕ್ಷಣದಲ್ಲೇ ಗೊತ್ತಾಗುತ್ತದೆ, ಕುರ್ಚಿ ಎಳೆಯುವ ಸದ್ದು ಶುರು. ನಮ್ಮ ಕೋಡಿನ ಬಗ್ ಆದರೆ ಮೂರು ತಿಂಗಳು ಅಡಗಿ ಕೂರಬಹುದು :)

ಅಲ್ಲಿಂದ ಅವನು ಝೀ ಕನ್ನಡದ ‘ಕಾಮಿಡಿ ಕಿಲಾಡಿಗಳು’ವಿಗೆ ಹೋದ. ಎರಡನೇ ಸೀಸನ್ನಿನಲ್ಲಿ ಅವನ ತಂಡ ರನ್ನರ್ ಅಪ್. ಮೂರನೇ ಸೀಸನ್ನಿನಲ್ಲಿ, 2020ರಲ್ಲಿ, ಅವನೇ ಗೆದ್ದ. ಜಗ್ಗೇಶ್, ಯೋಗರಾಜ್ ಭಟ್, ರಕ್ಷಿತಾ ತೀರ್ಪುಗಾರರಾಗಿ ಕೂತಿದ್ದ ವೇದಿಕೆ ಅದು. ನನಗೆ ಗೆಲುವಿಗಿಂತ ದೊಡ್ಡದಾಗಿ ಕಂಡದ್ದು ಬೇರೆ. ನಮ್ಮ ಕನ್ನಡ ಟಿವಿ, ಸಿನಿಮಾಗಳಿಗೆ ಬಹಳ ಕಾಲ ತಾನೇ ಒಂದು ಜೋಕ್ ಆಗಿತ್ತು. ‘ಎಂತದು ಮಾರಾಯ್ರೆ’ ಅಂದರೆ ಸಾಕು, ಬೇರೆ ಸಂಭಾಷಣೆ ಬೇಡ. ಆಫೀಸಿನಲ್ಲಿ ನಾನು ಬಾಯಿ ತೆರೆದರೂ ಯಾರಾದರೊಬ್ಬರು ಅದನ್ನೇ ಎಳೆಯುತ್ತಿದ್ದರು. ರಾಕೇಶ ಅಪ್ಪನಾಗಿ, ಕುಡುಕನಾಗಿ, ಪೆದ್ದನಾಗಿ ಬಂದ. ಜನ ನಕ್ಕದ್ದು ಆ ಪಾತ್ರಗಳಿಗೆ, ಅವನ ರಾಗಕ್ಕಲ್ಲ. ನನ್ನ ಪಕ್ಕದ ಡೆಸ್ಕಿನ ಹಾಸನದವನು ಅವನ ಕ್ಲಿಪ್ಪು ನನಗೇ ಕಳಿಸಿ “ನೋಡಿದ್ಯಾ?” ಅಂತ ಕೇಳಿದ ದಿನ ಸಣ್ಣದೊಂದು ಹೆಮ್ಮೆ ಆದದ್ದು ಸುಳ್ಳಲ್ಲ.

ಸಿನಿಮಾಗಳೂ ಬಂದವು. ತುಳುವಿನಲ್ಲಿ ‘ಪೆಟ್‌ಕಮ್ಮಿ’, ‘ಅಮ್ಮೆರ್ ಪೊಲೀಸ್’, ‘ಉಮಿಲ್’, ‘ಪಮ್ಮಣ್ಣೆ ದಿ ಗ್ರೇಟ್’, ಕನ್ನಡದಲ್ಲಿ 2019ರ ‘ಪೈಲ್ವಾನ್’. ಹೆಚ್ಚಿನವು ಸಣ್ಣ ಪಾತ್ರಗಳು, ಅವುಗಳ ಬಗ್ಗೆ ಎಳೆದು ಬರೆಯುವಷ್ಟಿಲ್ಲ.

ಅವನು ಗೆದ್ದ ರಾತ್ರಿ ತಮ್ಮನ ಮೆಸೇಜು ಬಂತು. “ಅಣ್ಣಾ, ಆ ಶೀಟಿಗೆ ಇದೊಂದು ಕಾಲಂ ಸೇರಿಸು.” ಅಷ್ಟು ಹೊತ್ತಿಗೆ ಅವನು ಕೆಲಸ ಬಿಟ್ಟು ಎರಡು ಸೀಸನ್ ಆಗಿತ್ತು. ಚಿಕ್ಕಮ್ಮನೂ ಫೋನು ಮಾಡಿದರು. ಬೈಯಲಿಲ್ಲ. “ಆ ಹುಡುಗ ಗೆದ್ದನಂತೆ, ಅಲ್ವಾ?” ಅಂದರು, ತನ್ನ ಮಗನೇ ಗೆದ್ದ ದನಿಯಲ್ಲಿ. ಅದಾಗಿ ಕೆಲವೇ ವಾರಕ್ಕೆ ಲಾಕ್‌ಡೌನ್, ನಾಟಕ ಎಲ್ಲ ಬಂದ್. ತಮ್ಮ ಕೋಳಿ ಅಂಗಡಿಯಲ್ಲಿ ಕೂತ. ಎಕ್ಸೆಲ್ ಶೀಟಿನ ಸುದ್ದಿ ಆಗ ನಾನು ಎತ್ತಲಿಲ್ಲ, ಅದೊಂದೇ ನಾನು ಮಾಡಿದ ಒಳ್ಳೆಯ ಕೆಲಸ.

ಮೇ 12ರ ಬೆಳಿಗ್ಗೆ ಮೂರನೇ ಸಲ ಚಿಕ್ಕಮ್ಮನ ಫೋನು. ಈ ಸಲ ದುಡ್ಡಿನ ಮಾತೇ ಇಲ್ಲ. “ಇವನು ಮೊನ್ನೆ ಎರಡು ಮೆಹಂದಿಗೆ ಹೋಗಿದ್ದಾನೆ. ಒಂದೇ ರಾತ್ರಿ. ಬೆಳಿಗ್ಗೆ ಐದಕ್ಕೆ ಬಂದು ಮಲಗಿದ. ನಾನು ಹೇಳಿದರೆ ಕೇಳುವುದಿಲ್ಲ ಮಗಾ, ನೀನು ಕೇಳು, ಡಾಕ್ಟರಿಗೆ ತೋರಿಸ್ತಾನಾ ಅಂತ.” ನಾನು ಏನು ಹೇಳಲಿ? ನನ್ನ ಹತ್ತಿರ ಇದಕ್ಕೆ ಶೀಟು ಇರಲಿಲ್ಲ. ಹಿಂದಿನ ರಾತ್ರಿ ರಿಲೀಸ್ ಇತ್ತು, ನಾನೂ ಮಲಗಿದ್ದು ಮೂರು ಗಂಟೆಗೆ. ಕೊನೆಗೆ ಅಣ್ಣ ತಮ್ಮ ಇಬ್ಬರೂ ಮಣಿಪಾಲಕ್ಕೆ ಹೋಗಿ ಇಸಿಜಿ ಮಾಡಿಸಿಕೊಂಡೆವು. ಎಲ್ಲ ಸರಿ ಇದೆ ಅಂದರು. ಹೊರಗೆ ಬಂದು ಟೀ ಕುಡಿಯುವಾಗ ತಮ್ಮ ಅಂದ, “ಅವತ್ತು ರಾತ್ರಿ ನಾನೂ ಅಲ್ಲಿಗೆ ಹೋಗಬೇಕಿತ್ತು ಅಣ್ಣಾ. ಬೇರೆ ಕಡೆ ಒಪ್ಪಿಕೊಂಡಿದ್ದೆ.” ಮತ್ತೆ ಟೀ ಮುಗಿಯುವವರೆಗೆ ಇಬ್ಬರೂ ಮಾತಾಡಲಿಲ್ಲ.

‘ಕಾಂತಾರ ಚಾಪ್ಟರ್ 1’ ಬಂದದ್ದು ಅಕ್ಟೋಬರ್ 2ಕ್ಕೆ, ಅವನು ಹೋಗಿ ಐದು ತಿಂಗಳ ಹತ್ತಿರ ಆಗುವಾಗ. ಅವನ ಅತಿ ದೊಡ್ಡ ಸಿನಿಮಾ ಅದು. ದೀಪಾವಳಿ ರಜೆಗೆ ಊರಿಗೆ ಹೋದಾಗ ಚಿಕ್ಕಮ್ಮ, ತಮ್ಮ, ನಾನು ಮೂವರೂ ಮಣಿಪಾಲದಲ್ಲಿ ನೋಡಿದೆವು. ಕಾಡಿನ ಜನರ ಗುಂಪಿನಲ್ಲಿ ಕೆದರಿದ ಕೂದಲು, ಅದೇ ಮುಖ. ಹಿಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹಾಕಿದರು. ಅವನ ಒಂದು ಮಾತಿಗೆ ಚಿಕ್ಕಮ್ಮ ಗೊಳ್ಳೆಂದು ನಕ್ಕರು. ನಕ್ಕ ಮೇಲೆ ನೆನಪಾಯಿತೇನೋ, ಸೆರಗು ಬಾಯಿಗೆ ಹೋಯಿತು. ತಮ್ಮ ಮಾತ್ರ ಪರದೆ ನೋಡುತ್ತಿರಲಿಲ್ಲ. ತಿರುಗಿ ಜನರನ್ನು ನೋಡುತ್ತಿದ್ದ. ಯಾವ ಮಾತಿಗೆ ನಕ್ಕರು, ಎಷ್ಟು ಹೊತ್ತು ನಕ್ಕರು ಅಂತ.

ಹೊರಗೆ ಬಂದಾಗ ಅವನಿಗೆ ಬೆಳ್ಮಣ್‌ನಲ್ಲಿ ಹೊಸ ನಾಟಕದ ರಿಹರ್ಸಲ್ ಇತ್ತು. ಚಿಕ್ಕಮ್ಮ ಬೇಡ ಅನ್ನುತ್ತಾರೆ ಅಂದುಕೊಂಡೆ. ಅನ್ನಲಿಲ್ಲ. ಹೆಲ್ಮೆಟ್ಟಿನ ಪಟ್ಟಿ ತಾವೇ ಎಳೆದು ನೋಡಿ, “ಮುಟ್ಟಿದ ಮೇಲೆ ಮೆಸೇಜ್ ಹಾಕು” ಅಂದರು.

ಆ ರಾತ್ರಿ ಒಂದೂ ನಲವತ್ತಕ್ಕೆ ಮನೆಯ ಗ್ರೂಪಿನಲ್ಲಿ ಅವನ ಮೆಸೇಜು ಬಂತು: “ಮುಟ್ಟಿದೆ.” ನಾನು ನೋಡುವಷ್ಟರಲ್ಲಿ ಚಿಕ್ಕಮ್ಮ ಅದನ್ನು ಓದಿಯಾಗಿತ್ತು.